ಅವರೆ ಸಿಪ್ಪೆಯೂ ಕೌದಿಯ ಹೊಟ್ಟೆಯೂ

ತುಮಕೂರಿನ ಹತ್ತಿರದ ಗುಬ್ಬಿ ಊರಿನ ಮನೆಯಲ್ಲಿ ಮೊದಲನೆಯ ದಿನ ಬೆಳಿಗ್ಗೆ ರಂಗೋಲಿ ಹಾಕಲೆಂದು ಬಾಗಿಲು ತೆಗೆದೆ. ನಮ್ಮ ಮೆಟ್ಟಿಲಿಗೆ ನಾಲ್ಕು ಹೆಜ್ಜೆ ದೂರದಲ್ಲಿ ಒಂದು ರಾಶಿ ಹಸಿರು ಸಿಪ್ಪೆ ಬಿದ್ದಿತ್ತು. ಕಸವಾಗಿದ್ದರೆ ಮೂಲೆಯಲ್ಲಿರುತ್ತಿತ್ತು. ಇದು ನಡುಬೀದಿಯಲ್ಲಿತ್ತು. ಮನೆಯಿಂದ ಹೊರಟವರು ತುಳಿಯದೆ ಮುಂದಕ್ಕೆ ಹೋಗುವ ಹಾಗೇ ಇಲ್ಲ, ಹಾಗೆ ಅಗಲಕ್ಕೆ, ಬೇಕೆಂದೇ ಹರಡಿದ್ದರು. ಪಕ್ಕದ ಮನೆಯ ಜಗುಲಿಯ ಮೇಲೆ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಕೂತಿದ್ದರು. ಅವರು ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಕಾಲು ನೋಡುತ್ತಿದ್ದರು.

ನಮ್ಮ ಧಾರವಾಡದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ದೃಷ್ಟಿ ತೆಗೆದು ದಾರಿಗೆ ಹಾಕಿದ್ದನ್ನು ನಾವು ದಾಟುವುದಿಲ್ಲ, ತುಳಿಯುವುದಂತೂ ದೂರದ ಮಾತು. ಅಷ್ಟರಲ್ಲಿ ನನ್ನ ಮಗಳು ಗೀತಾ, ಆಗ ಅವಳಿಗೆ ನಾಲ್ಕು ವರ್ಷ, ನನ್ನ ಸೀರೆಯ ಪಕ್ಕದಿಂದ ನುಸುಳಿ ಆ ರಾಶಿಯ ಕಡೆಗೆ ಓಡಿದಳು. ಜಗುಲಿಯ ಹೆಂಗಸು ಕೂತಲ್ಲಿಂದಲೇ ಕೂಗಿದರು.

"ತುಳಿ ಮಗಾ, ಚೆನ್ನಾಗ್ ತುಳಿ!"

ನಾನು ಮಗುವಿನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಬಂದು ಚಿಲಕ ಹಾಕಿದೆ. ಬಂದು ಒಂದು ದಿನ ಆಗಿರಲಿಲ್ಲ, ಆಗಲೇ ನಮ್ಮ ಮೇಲೆ ಯಾರದೋ ಕಣ್ಣು.

ನಮ್ಮ ಮನೆಯವರು ಡ್ರಾಯಿಂಗ್ ಮೇಷ್ಟ್ರು. ಎಪ್ಪತ್ತರ ದಶಕದ ನಡುವಿನಲ್ಲಿ, ಡಿಸೆಂಬರ್ ತಿಂಗಳಲ್ಲಿ, ಗುಬ್ಬಿಗೆ ವರ್ಗವಾಗಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ಗಡ್ಡ ಮಾಡಿಕೊಳ್ಳುವುದನ್ನು ನಿಲ್ಲಿಸಲೂ ಇಲ್ಲ. "ಸಿಪ್ಪಿ ಐತಿ, ಸಿಡಿಮದ್ದು ಅಲ್ಲ. ನೀ ಮೊಸರಾಗ ಕಲ್ಲು ಹುಡುಕಬ್ಯಾಡ" ಎಂದರು. ಅನುಮಾನ ನನ್ನ ಹುಟ್ಟುಗುಣ, ಒಪ್ಪಿಕೊಳ್ಳುತ್ತೇನೆ. ಆದರೆ ಮಾರನೆಯ ದಿನವೂ ಅದೇ ಜಾಗದಲ್ಲಿ ಹೊಸ ಸಿಪ್ಪೆ ಬಿದ್ದಿದ್ದರೆ ನೀವಾದರೂ ಏನು ತಿಳಿದುಕೊಳ್ಳುತ್ತಿದ್ದಿರಿ? ನಾನು ಪೊರಕೆ ತಂದು ಅಷ್ಟನ್ನೂ ಗುಡಿಸಿ ಆಕೆಯ ಜಗುಲಿಯ ಕೆಳಗೆ ದಬ್ಬಿದೆ. ಮಧ್ಯಾಹ್ನದ ಹೊತ್ತಿಗೆ ಅದು ಮತ್ತೆ ನಮ್ಮ ಬಾಗಿಲಿಗೆ ಬಂದಿತ್ತು. ಹೀಗೆ ಒಂದು ವಾರ ನಡೆಯಿತು. ಆಕೆಯೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ, ಪೊರಕೆಗಳು ಮಾತಾಡಿದವು.

ಆಕೆಯ ಹೆಸರು ಗಂಗಮ್ಮ. ಸಿ.ಎಸ್. ಪುರದಲ್ಲಿದ್ದ ಅವರ ತಮ್ಮ ವಾರಕ್ಕೊಂದು ಸಲ ಬಸ್ಸಿನ ಮೇಲೆ ಚೀಲದ ತುಂಬ ಅವರೆಕಾಯಿ ಹೇರಿ ಕಳಿಸುತ್ತಿದ್ದರು. ಚಳಿಗಾಲ ಬಂತೆಂದರೆ ಈ ಕಡೆಯವರಿಗೆ ಅವರೆಯ ಹುಚ್ಚು. ಉಪ್ಪಿಟ್ಟಿಗೂ ಅದೇ, ಸಾರಿಗೂ ಅದೇ. ಕಾಳನ್ನು ನೆನೆಹಾಕಿ, ಒಂದೊಂದನ್ನೇ ಹಿಸುಕಿ ಮೇಲಿನ ತೊಗಲು ತೆಗೆದರೆ ಅದು ಹಿಸುಕಿದ ಬೇಳೆ. ಕಾಯಿಯ ಮೈಗೆ ಅಂಟಿದ ಎಣ್ಣೆಯಂಥ ವಾಸನೆಗೆ ಸೊಗಡು ಎನ್ನುತ್ತಾರೆ, ಸೊಗಡಿಲ್ಲದ ಕಾಯಿಯನ್ನು ಕೈಯಲ್ಲೂ ಮುಟ್ಟುವುದಿಲ್ಲ. ನನಗೆ ಮೊದಲ ತಿಂಗಳು ಆ ವಾಸನೆಗೇ ತಲೆನೋವು ಬರುತ್ತಿತ್ತು. ಜೋಳದ ರೊಟ್ಟಿ ತಟ್ಟುವ ಸದ್ದು ಬೀದಿಯಲ್ಲಿ ನಮ್ಮದೊಂದೇ ಮನೆಯಿಂದ. ಅದನ್ನು ಕೇಳಿ ದಾರಿಯಲ್ಲಿ ಹೋಗುವವರು ನಿಂತು ಇಣುಕುತ್ತಿದ್ದರು. ಅವರ ಮುದ್ದೆಯನ್ನು ಅಗಿಯದೆ ನುಂಗಬೇಕು ಎಂದು ತಿಳಿಯದೆ ನಾನು ಅಗಿದು ಅಗಿದು ಹಲ್ಲಿಗೆಲ್ಲ ಮೆತ್ತಿಕೊಂಡದ್ದೂ ಆಯಿತು. ಅವ್ವನ ಕಾಗದ ಬರುವುದಕ್ಕೆ ನಾಲ್ಕೈದು ದಿನ. ಹಗಲೆಲ್ಲ ನನಗೆ ಗೀತಾ ಬಿಟ್ಟರೆ ಮಾತಿಗೆ ಯಾರೂ ಇಲ್ಲ, ಅವಳಿಗೆ ಆಟಕ್ಕೆ ಯಾರೂ ಇಲ್ಲ.

ಹಿತ್ತಲು ಮಾತ್ರ ದೊಡ್ಡದು. ಸೆರಗಿನ ತುದಿಗೆ ಗಂಟು ಹಾಕಿ ತಂದಿದ್ದ ಮೆಂತ್ಯ, ಪುಂಡಿಪಲ್ಯದ ಬೀಜಗಳನ್ನು ನಾನೂ ಗೀತಾಳೂ ಸೇರಿ ಹಾಕಿದೆವು. ಅವಳಿಗೆಂದೇ ಒಂದು ಗೇಣಿನ ಮಡಿ ಮಾಡಿಕೊಟ್ಟಿದ್ದೆ. ದಿನಾ ಬೆಳಿಗ್ಗೆ ಬೆರಳು ಹಾಕಿ ಬೀಜ ತೆಗೆದು, ಮೊಳಕೆ ಬಂತಾ ಎಂದು ನೋಡಿ, ಮತ್ತೆ ಹುಗಿಯುತ್ತಿದ್ದಳು. ಒಂದು ದಿನ ಹಿತ್ತಲ ಗೋಡೆಯ ಮೇಲೆ ಎರಡು ಜಡೆಯ ತಲೆಯೊಂದು ಕಾಣಿಸಿಕೊಂಡಿತು.

"ಏಯ್, ಹಂಗೆ ಕಿತ್ತು ಕಿತ್ತು ನೋಡುದ್ರೆ ಬರಲ್ಲ ಕಣೇ."

ಅದು ಗಂಗಮ್ಮನ ಮೊಮ್ಮಗಳು ರತ್ನ, ಐದು ವರ್ಷದವಳು. ಅವಳ ತಾಯಿ ತುಮಕೂರಿನಲ್ಲಿ ಕೈಗೂಸು ಇಟ್ಟುಕೊಂಡಿದ್ದರಿಂದ ದೊಡ್ಡವಳನ್ನು ಅಜ್ಜಿಯ ಹತ್ತಿರ ಬಿಟ್ಟಿದ್ದರು. ಅಂದಿನಿಂದ ಹುಡುಗಿಯರಿಬ್ಬರೂ ಅಂಟಿಕೊಂಡುಬಿಟ್ಟರು. ಗೀತಾ ಊಟ ಮಾಡಬೇಕಾದರೆ ರತ್ನ ಎದುರಿಗಿರಬೇಕು. ಅವಳ ನಗು ಕೇಳಿ ನನಗೆ ಸಮಾಧಾನವಾಯಿತು, ಸುಳ್ಳು ಹೇಳುವುದಿಲ್ಲ. ಗಂಗಮ್ಮನೂ ಆಗಾಗ ಗೋಡೆಯಾಚೆ ಬಂದು ನಿಲ್ಲುತ್ತಿದ್ದರು.

"ಅದ್ಯಾವ್ ಸೊಪ್ಪಮ್ಮ ಅದು, ಕಡ್ಡಿ ಕೆಂಪುಗೈತೆ? ತಿಂತೀರಾ ಅದ್ನ?"

"ತಿಂತೀವ್ರಿ" ಎಂದು ಅಷ್ಟಕ್ಕೇ ನಿಲ್ಲಿಸುತ್ತಿದ್ದೆ. ಸೊಪ್ಪಿನ ನೆಪದಲ್ಲಿ ಈಕೆ ಏನು ನೋಡಲು ಬಂದಿದ್ದಾರೆ ಎಂಬುದು ನನ್ನ ಚಿಂತೆ. ಬೀದಿಯಲ್ಲಿ ಸಿಪ್ಪೆ ಬೀಳುವುದು ನಿಂತಿರಲಿಲ್ಲ.

ನಮ್ಮವರು ಗೀತಾಳಿಗೆ ದಿನಕ್ಕೊಂದು ಕುದುರೆಯ ಚಿತ್ರ ಬರೆದುಕೊಟ್ಟು, ಕುಣಿಗಲ್‌ನಲ್ಲಿ ನಿಜವಾದ ಕುದುರೆ ತೋರಿಸುತ್ತೇನೆಂದು ಆಸೆ ಹಚ್ಚಿದ್ದರು. ಜನವರಿಯ ಒಂದು ಭಾನುವಾರ ಹೊರಟೆವು. ರತ್ನ ಬರದಿದ್ದರೆ ತಾನೂ ಬರುವುದಿಲ್ಲ ಎಂದು ಗೀತಾ ಕೂತಳು. ಗಂಗಮ್ಮ ಬಹಳ ಹೊತ್ತು ನನ್ನನ್ನೇ ನೋಡಿದರು.

"ಕರ್ಕೊಂಡೋಗಿ. ನೀರಿನ್ ಹತ್ರ ಬುಡ್ಬೇಡಿ. ಮಗಳ್ ಮಗು ಕಣಮ್ಮ, ಏನಾರಾ ಆದ್ರೆ ಅವ್ಳಿಗೆ ನಾನೇನ್ ಹೇಳ್ಲಿ?"

ತುಮಕೂರಿನಲ್ಲಿ ಬಸ್ಸು ಬದಲಾಯಿಸಿ ಕುಣಿಗಲ್ ಮುಟ್ಟಿದೆವು. ಕೆರೆಯ ಏರಿಯ ಮೇಲೆ ಗಾಳಿಯೋ ಗಾಳಿ. ನಮ್ಮ ಊರಿನ ಕೆರೆಯನ್ನು ಒಂದು ಸುತ್ತು ಹಾಕಿ ಬರಬಹುದು, ಇದರ ಆಚೆಯ ದಡವೇ ಕಾಣಲಿಲ್ಲ. ಬುತ್ತಿ ಬಿಚ್ಚುವಷ್ಟರಲ್ಲಿ ಇಬ್ಬರೂ ಮೊಣಕಾಲವರೆಗೆ ನೀರಿನಲ್ಲಿದ್ದರು. ಆಮೇಲೆ ಕುದುರೆ ಫಾರಂನ ಬೇಲಿಯ ಹತ್ತಿರ ನಿಂತೆವು. ದೂರದಲ್ಲಿ ಒಂದು ಕಂದು ಕುದುರೆ ಮರಿಯ ಜೊತೆ ಮೇಯುತ್ತಿತ್ತು. ರತ್ನ ತಂತಿಯ ನಡುವೆ ತಲೆ ತೂರಿಸಲು ಹೋದಾಗ ಅವಳ ಹಳದಿ ಲಂಗ ಸಿಕ್ಕಿ ಪರ್ರನೆ ಹರಿಯಿತು. ಜೋತಾಡುತ್ತಿದ್ದ ತುಂಡನ್ನು ನಾನೇ ಕಿತ್ತು ಚೀಲಕ್ಕೆ ಹಾಕಿಕೊಂಡೆ.

ಸಂಜೆ ಗಂಗಮ್ಮ ಮೊದಲು ನೋಡಿದ್ದು ಲಂಗವನ್ನು. "ಈ ತುಂಡೆಲ್ಲಿ?" ಎಂದು ಕೇಳಿದರು. ಚೀಲ ನನ್ನ ಹೆಗಲಲ್ಲೇ ಇತ್ತು. ಜಗಳವಾದೀತೆಂಬ ಅಂಜಿಕೆಯೋ ಏನೋ, "ಎಲ್ಲೋ ಬಿತ್ತರಿ" ಎಂದುಬಿಟ್ಟೆ. ಅಂಥ ಸುಳ್ಳಿನ ಅಗತ್ಯವೇನಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ಆ ದಿನಗಳಲ್ಲಿ ಗೀತಾಳಿಗೆಂದು ಒಂದು ಕೌದಿ ಹೊಲಿಯುತ್ತಿದ್ದೆ. ತೀರಿಹೋದ ನಮ್ಮ ಅಜ್ಜಿಯ ಇಳಕಲ್ ಸೀರೆಯನ್ನು ಅಡಿಗೆ ಹಾಸಿ, ಮೇಲೆ ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ, ಸಣ್ಣ ಸಣ್ಣ ಹೊಲಿಗೆಯಲ್ಲಿ ಸುತ್ತಲೂ ಹಾಕಿಕೊಂಡು ನಡುವಿಗೆ ಬರುವುದು, ಒಂದು ಮೂಲೆಯನ್ನು ಮಾತ್ರ ಕೊನೆಗೆಂದು ತೆರೆದಿಡುವುದು. ಮಕ್ಕಳಿಬ್ಬರೂ ತುಂಡು ಆರಿಸಿಕೊಡುತ್ತಿದ್ದರು. ಚೀಲದಲ್ಲಿದ್ದ ಹಳದಿ ತುಂಡು ಗೀತಾಳ ಕೈಗೆ ಸಿಕ್ಕಿತು. ರತ್ನನ ಬಟ್ಟೆ ತನ್ನ ಕೌದಿಯಲ್ಲಿ ಇರಲೇಬೇಕು ಎಂದು ಹಟ ಹಿಡಿದಳು, ಹೊಲಿದೆ. ಕೊನೆಯ ಮೂಲೆ ಮುಚ್ಚುವ ಮುಂಚೆ, ನಮ್ಮಲ್ಲಿ ಮಾಡುವ ಹಾಗೆ, ಬೆಲ್ಲ ಹಚ್ಚಿದ ಚಪಾತಿಯ ಒಂದು ಚೂರು ಒಳಗಿಟ್ಟೆ. ಕೌದಿ ಹಸಿದಿರಬಾರದು. ಅದರ ಹೊಟ್ಟೆ ತುಂಬಿಸಿದರೆ ಹೊದ್ದ ಮಗು ಹಸಿವೆ ಕಾಣುವುದಿಲ್ಲ. ರತ್ನ ಬಾಯಿ ತೆರೆದುಕೊಂಡು ನೋಡಿದಳು.

ಮಾರನೆಯ ದಿನ ರತ್ನ ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಜ್ವರ ಎಂದು ಗೊತ್ತಾಯಿತು. ಗೀತಾ ಗೋಡೆಯ ಬುಡದಲ್ಲಿ ಕಲ್ಲು ಹಾಕಿಕೊಂಡು, ಹತ್ತಿ, ಕರೆದು ಕರೆದು ಸೋತಳು. ಮೂರನೆಯ ಮಧ್ಯಾಹ್ನ ಗಂಗಮ್ಮ ನಮ್ಮ ಮನೆಗೆ ಮೊದಲ ಸಲ ಕಾಲಿಟ್ಟರು. ಕೂರಲಿಲ್ಲ.

"ನನ್ ಮಗೀನ ಲಂಗದ್ ತುಂಡು ಎಲ್ಲೋ ಬಿತ್ತು ಅಂದ್ಯಲ್ಲ. ನಿನ್ ಬಟ್ಟೆಯೊಳಗೆ ಹೆಂಗ್ ಬಂತು? ಅದ್ರ ಜೊತೆ ಅನ್ನ ಯಾಕಿಟ್ಟು ಹೊಲ್ದೆ? ಮಗು ಎಲ್ಲಾ ಹೇಳೈತೆ. ಮೂರ್ ದಿನದಿಂದ ಮೈ ಕೆಂಡ ಆಗೈತೆ ಕಣಮ್ಮ, ಡಾಕ್ಟ್ರು ಗಂಟ್ಲು ಅಂತಾರೆ. ನಂಗೆ ನಂಬ್ಕೆ ಇಲ್ಲ. ಬಿಚ್ಚು ಅದ್ನ."

ನನಗೆ ಮೊದಲು ಬಂದದ್ದು ಸಿಟ್ಟು. ದಿನವೂ ನನ್ನ ಬಾಗಿಲಿಗೆ ಸುರಿಯುವವರು ನನ್ನನ್ನೇ ಮಾಟಗಾತಿ ಎನ್ನುವುದೇ! ಆದರೆ ಸುಳ್ಳು ಹೇಳಿದವಳು ನಾನು. ಬಾಗಿಲ ಸಂದಿಯಲ್ಲಿ ಗೀತಾ ನಿಂತಿದ್ದಳು. ಇವತ್ತು ಈ ಬಾಗಿಲು ಮುಚ್ಚಿದರೆ ಅವಳಿಗೆ ಗೋಡೆಯಾಚೆಯ ಆ ಒಂದು ತಲೆಯೂ ಇಲ್ಲವಾಗುತ್ತದೆ. ಕತ್ತರಿ ತಂದು, ಅಜ್ಜಿಯ ಸೀರೆಯ ಮೇಲೆ ಹದಿನೈದು ದಿನ ಹಾಕಿದ ಹೊಲಿಗೆಯನ್ನು ಮೂಲೆಯಿಂದ ಬಿಚ್ಚಿದೆ. ಅಳು ಬಂತು, ಅತ್ತೆ. ಒಣಗಿದ ಚಪಾತಿಯ ಚೂರು ನೆಲಕ್ಕೆ ಬಿತ್ತು.

ಯಾಕೆ ಇಟ್ಟೆ ಎಂಬುದನ್ನು ಹೇಳಿದೆ. ಗಂಗಮ್ಮ ಅದನ್ನು ಎತ್ತಿ ಮೂಸಿದರು. ಆಮೇಲೆ ನನ್ನ ಕಡೆ ಚಾಚಿದರು.

"ಹಂಗಾದ್ರೆ ತಿನ್ನು."

ತಿಂದೆ. ಕಟುಕಟು ಅಗಿದು, ಅವರ ಮುಖ ನೋಡುತ್ತಲೇ ನುಂಗಿದೆ. ಬಾಯಿ ಒರೆಸಿಕೊಂಡು ಹೇಳಿದೆ. "ಈಗ ನೀವು ಬರ್ರಿ. ನನ್ನ ಬಾಗಲಕ್ಕ ದಿನಾ ಸುರೀತೀರಲ್ಲ, ಅದನ್ನ ನೀವ ತುಳೀರಿ. ಚಪ್ಪಲ್ ಬಿಟ್ಟು ತುಳೀಬೇಕ್ರಿ."

ಅವರು ಏನೂ ಅರ್ಥವಾಗದೆ ಬೀದಿಯ ಕಡೆ ನೋಡಿದರು. ಆಮೇಲೆ ಸೀರೆ ಎತ್ತಿ ಕಟ್ಟಿ ಬೀದಿಗಿಳಿದು, ಆ ಸಿಪ್ಪೆಯ ರಾಶಿಯ ನಡುವೆ ನಿಂತು, ರಾಗಿ ತುಳಿಯುವ ಎತ್ತಿನ ಹಾಗೆ ಗಿರಗಿರ ತಿರುಗಿ ತುಳಿದರು. ತುಳಿಯುತ್ತ ತುಳಿಯುತ್ತ ನಗು ತಡೆಯಲಾಗದೆ ಮೆಟ್ಟಿಲಿಗೆ ಕುಸಿದರು.

"ಅಯ್ಯೋ ಹುಚ್ಚಮ್ಮ, ಅವರೆಕಾಯ್ ಸಿಪ್ಪೆ ಕಣೇ ಇದು! ಎಷ್ಟ್ ಜನ ತುಳುದ್ರೆ ಸಾರು ಅಷ್ಟ್ ರುಚಿ. ನಿಂದು ತಿರುವಿನ್ ಮನೆ, ಊರೆಲ್ಲಾ ಇಲ್ಲೇ ಓಡಾಡ್ತದೆ. ಅದ್ಕೇ ಇಲ್ ಸುರ್ಯೋದು. ನೀನು ದಿನಾ ಗುಡಿಸ್ಬುಟ್ಟು ಈ ವರ್ಷ ನನ್ ಸಾರೆಲ್ಲಾ ಸಪ್ಪೆ ಮಾಡ್ದೆ."

ನಾನು ಪೂರ್ತಿ ನಂಬಿದೆನೆಂದು ಬರೆದರೆ ಸುಳ್ಳಾಗುತ್ತದೆ. ಸಾರಿನ ರುಚಿಗೂ ಊರಿನವರ ಕಾಲಿಗೂ ಎಲ್ಲಿಯ ಸಂಬಂಧ? ಅವರೂ ನನ್ನನ್ನು ಪೂರ್ತಿ ನಂಬಿರಲಿಕ್ಕಿಲ್ಲ. ರತ್ನನ ಜ್ವರ ಬಿಟ್ಟ ಮೇಲೆಯೇ ಅವಳನ್ನು ಕಳಿಸಿದ್ದು, ಅದೂ ಹಣೆಗೆ ದೊಡ್ಡ ಕಪ್ಪು ಬೊಟ್ಟಿಟ್ಟು. ಆದರೆ ನಾನು ಮತ್ತೆ ಕೌದಿಯ ಮೂಲೆ ಹೊಲಿಯಲು ಕೂತಾಗ ಗಂಗಮ್ಮ ಬಾಳೆಲೆಯಲ್ಲಿ ಒಬ್ಬಟ್ಟಿನ ಚೂರು ತಂದರು, ನಮ್ಮ ಹೋಳಿಗೆಯೇ ಅದು. "ಒಣ ಚಪಾತೀಲಿ ಯಾವ್ ಹೊಟ್ಟೆ ತುಂಬ್ತದೆ? ಇದ್ನ ಇಡು" ಎಂದರು. ಇಟ್ಟೆ. ಆ ಕೌದಿಗೆ ಇರುವೆ ಮುತ್ತಿದ್ದೂ ಮುತ್ತಿದ್ದೇ, ಮೂರು ದಿನ ಬಿಸಿಲಿಗೆ ಹಾಕಿ ಕೊಡವಿದೆವು. ಬೇಕೆಂದೇ ಸಕ್ಕರೆ ಜಾಸ್ತಿ ಹಾಕಿದ್ದರೇನೋ ಎಂದು ಆಗಲೂ ಒಂದು ಅನುಮಾನ ಬಂತು.

ಐದು ವರ್ಷದ ಮೇಲೆ ಒಂದು ಚಳಿಗಾಲ ರಜೆ ಹಾಕಿಸಿಕೊಂಡು ಧಾರವಾಡಕ್ಕೆ ಹೋದೆವು. ಗಂಗಮ್ಮ ಅರ್ಧ ಚೀಲ ಸೊಗಡಿನ ಕಾಯಿ ಕಟ್ಟಿಕೊಟ್ಟಿದ್ದರು. ಅವ್ವನ ಕಟ್ಟೆಯ ಮೇಲೆ ಕೂತು ನಾನೂ ಗೀತಾಳೂ ಬಿಡಿಸಿದೆವು. ಮೊರದ ತುಂಬ ಸಿಪ್ಪೆಯಾಯಿತು. ನನಗೇ ತಿಳಿಯದಂತೆ ಎದ್ದು ಹೋಗಿ ನಡುಬೀದಿಗೆ ಸುರಿದು, ಕೈಯಿಂದ ಅಗಲಕ್ಕೆ ಹರಡಿದೆ. ಅವ್ವ ಬಾಗಿಲಿಗೆ ಬಂದಳು.

"ತುಳಿ ಅಜ್ಜಿ, ಚೆನ್ನಾಗ್ ತುಳಿ!" ಎಂದು ಗೀತಾ ಕೂಗಿದಳು, ಅಪ್ಪಟ ಗುಬ್ಬಿಯ ಮಾತಿನಲ್ಲಿ.

ಅವ್ವ ಹೊಸ್ತಿಲು ದಾಟಲಿಲ್ಲ. ಸಿಪ್ಪೆಯನ್ನು ನೋಡಿದಳು, ಆಮೇಲೆ ನನ್ನನ್ನು, ನನ್ನ ಕಾಲನ್ನು. ನನ್ನನ್ನು ಹೆತ್ತವಳು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು.

"ಏನಽ ಇದು? ಯಾರ ಹೆಸರಿಲೆ ಹಾಕ್ದಿ? ಅಲ್ಲೆ ನಿನಗ ಯಾರರೆ ಏನರೆ ಮಾಡ್ಸ್ಯಾರೇನು?"

ಗುಬ್ಬಿಯಲ್ಲಿ ನಾನು ಇಂದಿಗೂ 'ದಾರ್ವಾಡದಮ್ಮ'. ಹೊಸದಾಗಿ ಬಂದವರಿಗೆ ನನ್ನನ್ನು ತೋರಿಸುವಾಗ, ಬಟ್ಟೆಗೆ ಊಟ ಹಾಕುವವರು ಎಂದು ನಗುತ್ತಾರೆ. ಅದನ್ನು ಅವ್ವನಿಗೆ ಹೇಗೆ ಹೇಳಲಿ? ಅವ್ವ ಪೊರಕೆ ತಂದು ಒಂದು ಸಿಪ್ಪೆಯೂ ಉಳಿಯದಂತೆ ಗುಡಿಸಿ, ದೂರದ ತಿಪ್ಪೆಗೆ ಹಾಕಿ, ಕಾಲು ತೊಳೆದುಕೊಂಡು ಒಳಗೆ ಬಂದಳು.

ಸಂಜೆ ಹಿಸುಕಿದ ಬೇಳೆಯ ಸಾರು ಮಾಡಿ ರೊಟ್ಟಿಯ ಜೊತೆ ಬಡಿಸಿದೆ. ಅವ್ವ ಎರಡು ತುತ್ತು ತಿಂದು, ಯೋಚಿಸಿ ಹೇಳಿದಳು.

"ಚಲೋ ಆಗೇತಿ. ಖರೆ, ಏನೋ ಒಂದು ಕಡಿಮಿ ಆಗೇತಿ ನೋಡು."

ಏನು ಕಡಿಮೆಯಾಗಿದೆಯೆಂದು ನನಗೆ ಗೊತ್ತಿತ್ತು. ಇನ್ನೊಂದು ರೊಟ್ಟಿ ಹಾಕಿದೆ.