ಅಂಗಿ ಜೇಬಿನ ಬಲ್ಬು

೧೯೬೮ರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ಕ್ಲಾಸಿನ ಪರೀಕ್ಷೆಗೂ ಕೂಡಲಿಲ್ಲ. ಚೋರನೂರಿನ ನಮ್ಮ ಹೊಲ ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೊಸಪೇಟೆಗೆ ಬಂದು ಮೋಟರ್ ಸೈಕಲ್ ಗ್ಯಾರೇಜು ಸೇರಿದೆ. ಗ್ರೀಸು ಒರೆಸುವುದರಿಂದ ಶುರು ಮಾಡಿ ಕಡೆಗೆ ಸ್ವಂತ ಅಂಗಡಿ ಹಾಕಿದೆ. ಯಾರ ಕೈಕಾಲೂ ಹಿಡಿಯದೆ ಹಾಕಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ದೆವ್ವ, ಗಾಳಿ ಎಂದವರನ್ನು ಕಂಡರೆ ನಗುತ್ತಿದ್ದೆ. ಗಾಡಿ ಸ್ಟಾರ್ಟ್ ಆಗದಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಇಲ್ಲವೇ ಕಿಡಿ ಬರುತ್ತಿಲ್ಲ, ಅದೂ ಅಲ್ಲದಿದ್ದರೆ ಇಂಜಿನ್ನಿನಲ್ಲಿ ದಮ್ಮಿಲ್ಲ. ಇದರಾಚೆ ಬೇರೆ ಕಾರಣವೇ ಇಲ್ಲ ಎಂದು ಗಿರಾಕಿಗಳ ಮುಂದೆ ಎದೆ ತಟ್ಟಿ ಹೇಳುತ್ತಿದ್ದೆ. ಈಗ ಹಾಗೆ ಹೇಳಲು ಹೋದರೆ ನಾಲಿಗೆ ತಡವರಿಸುತ್ತದೆ. ಯಾಕೆಂದು ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಎಂಬತ್ತರ ದಶಕ ಶುರುವಾಗಿತ್ತು. ಕಾಲುವೆ ನೀರು ಹರಿದು ಕಂಪ್ಲಿ ಕಡೆಯ ಊರುಗಳಲ್ಲಿ ಕಬ್ಬು, ಭತ್ತ ಎದ್ದು ನಿಂತಿದ್ದವು; ರೈತರ ಮನೆ ಮುಂದೆ ಮೋಟರ್ ಸೈಕಲ್ ನಿಲ್ಲತೊಡಗಿದ್ದವು. ಒಂದು ಬೆಳಿಗ್ಗೆ ಆ ಕಡೆಯ ಹುಲುಗಪ್ಪ ಅಂಗಡಿಗೆ ಬಂದ. ನನಗಿಂತ ಸಣ್ಣವನು, ಪರಿಚಯದವನು. ಅವನ ಅಣ್ಣ ಮಾರೆಪ್ಪ ಕೆಲವು ತಿಂಗಳ ಹಿಂದೆ ಮುಸ್ಸಂಜೆಯಲ್ಲಿ ಗಾಡಿ ಸಮೇತ ಕಾಲುವೆಗೆ ಬಿದ್ದು ಸತ್ತಿದ್ದ. ಹಳೇ ಗಾಡಿ ಅದು. ಹಗ್ಗ ಹಾಕಿ ಮೇಲೆಳೆದು ಅಂಗಳದಲ್ಲಿ ನಿಲ್ಲಿಸಿದ್ದರು.

"ಸ್ಟಾರ್ಟ್ ಮಾಡಿ ಕೊಡಬೇಕೇನು?" ಎಂದೆ.

"ಸ್ಟಾರ್ಟ್ ಆಮ್ಯಾಲ್ರಿ ಮಿಸ್ತ್ರಿ. ಮೊದ್ಲ ಅದರ ಲೈಟ್ ಆರಸ್ರಿ."

ನಾನು ನಕ್ಕೆ. "ಎಲ್ಲಾರೂ ಲೈಟ್ ಹತ್ತವಲ್ದು ಅಂತ ಬರ್ತಾರ. ನೀನೊಬ್ಬ ಆರಸು ಅಂತ ಬಂದಿ ನೋಡು."

ಅವನು ನಗಲಿಲ್ಲ. ಮಾರೆಪ್ಪ ಬದುಕಿದ್ದಾಗ ಸಂಜೆ ಬರುತ್ತ ಕಾಲುವೆ ದಂಡೆಯ ಮೇಲಿಂದಲೇ ಮನೆ ಗೋಡೆಗೆ ಲೈಟು ಬಿಡುತ್ತಿದ್ದನಂತೆ. ಅದನ್ನು ಕಂಡು ತಾಯಿ ಈರಮ್ಮ ಒಲೆಯ ಮೇಲೆ ಹಂಚು ಇಡುತ್ತಿದ್ದಳು. ಅವನು ಬಂದು ಕಾಲು ತೊಳೆಯುವಷ್ಟರಲ್ಲಿ ಬಿಸಿ ರೊಟ್ಟಿ ತಟ್ಟೆಗೆ ಬೀಳುತ್ತಿತ್ತು. ಈಗ ಅಂಗಳದಲ್ಲಿ ನಿಂತ ಗಾಡಿಯ ಲೈಟು ದೀಪ ಹಚ್ಚುವ ಹೊತ್ತಿಗೆ ತಾನಾಗಿಯೇ ಹತ್ತುತ್ತದೆ. ಹತ್ತಿದ ಕೂಡಲೇ ಮುದುಕಿ ಎದ್ದು ಕಾಲುವೆ ಕಡೆ ನಡೆಯುತ್ತಾಳೆ. ಈಗಾಗಲೇ ಎರಡು ಸಲ ನೀರಿನ ಅಂಚಿನಿಂದ ಹಿಡಿದು ತಂದಿದ್ದಾರೆ.

"ಬ್ಯಾಟರಿ ತಂತಿ ಕಿತ್ತೀನ್ರಿ, ಆದ್ರೂ ಹತ್ತೈತಿ. ಗಾಡಿ ಬ್ಯಾರೆ ಕಡಿ ಒಯ್ಯೋಣಂದ್ರ, ವರ್ಷದ ತಿಥಿ ಆಗೂತನಕ ಅಂಗಳ ದಾಟಸಬ್ಯಾಡ ಅಂತ ಅವ್ವ ಹಟ ಹಿಡದಾಳ. ಒಂದಿನ ನಮ್ಮ ಕಣ್ಣು ತಪ್ಪಿತಂದ್ರ ಅಕಿ ಉಳಿಯಂಗಿಲ್ರಿ."

ಯಾವುದೋ ತಂತಿ ಕಿತ್ತಿರುತ್ತಾನೆ ಅಂದುಕೊಂಡು ಮಧ್ಯಾಹ್ನ ಹೊರಟೆ.

ಈರಮ್ಮ ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ನಾನು ಸಾಮಾನು ಬಿಚ್ಚಿದ್ದನ್ನು ನೋಡಿ, "ಎಷ್ಟಾರ ಬಿಚ್ಚಪಾ, ಅದು ನನ್ನ ಮಗನ ಮಾತು ಬಿಟ್ಟು ಯಾರ ಮಾತೂ ಕೇಳಂಗಿಲ್ಲ" ಅಂದಳು.

"ನಾ ಕೇಳಸ್ತೀನಿ ಬಿಡವ್ವಾ" ಅಂದೆ.

ಹುಲುಗಪ್ಪ ಕಿತ್ತದ್ದು ಸರಿಯಾದ ತಂತಿಯನ್ನೇ. ಬ್ಯಾಟರಿ ಒಣಗಿತ್ತು, ತುದಿಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಕಿಡಿಯ ಹೊತ್ತು ಕಾಯುವ ಪಾಯಿಂಟಿನಲ್ಲಿ ಕಾಲುವೆಯ ಸಣ್ಣ ಮಣ್ಣು ಕೂತಿತ್ತು. ಅದನ್ನು ತಿಕ್ಕಿ, ನಾನು ತಂದ ಬ್ಯಾಟರಿ ಜೋಡಿಸಿ, ಪ್ಲಗ್ಗು ಬಿಚ್ಚಿ ಇಂಜಿನ್ನಿಗೆ ತಾಗಿಸಿ ಹಿಡಿದು ಕಿಕ್ ಹೊಡೆದೆ. ಕಿಡಿಯೇ ಇಲ್ಲ. ಕಿಡಿ ಹುಟ್ಟಿಸುವ ಕಾಯಿಲ್ಲೇ ಕೆಟ್ಟುಹೋಗಿತ್ತು. ಹ್ಯಾಂಡಲ್ ಕುತ್ತಿಗೆಯ ಹತ್ತಿರ ತಂತಿಗಳ ಸಿಪ್ಪೆ ಸುಲಿದು ಒಂದಕ್ಕೊಂದು ತಾಗುವಂತಿದ್ದವು. ಬಿಸಿಲಿಗೆ ಹಿಗ್ಗಿ, ಸಂಜೆ ಕುಗ್ಗಿ ಕೂಡಿಕೊಳ್ಳುತ್ತವೆ, ಅದಕ್ಕೇ ಲೈಟು ಹತ್ತುತ್ತದೆ ಎಂದು ಹುಲುಗಪ್ಪನಿಗೆ ತಿಳಿಸಿ ಹೇಳಿದೆ. ಬ್ಯಾಟರಿ ಇಲ್ಲದೆ ಹೇಗೆ ಎಂದು ಅವನು ಕೇಳಲಿಲ್ಲ. ನಾನೂ ಆ ಕಡೆ ಯೋಚನೆ ಹರಿಸಲಿಲ್ಲ.

ಸುಲಿದ ತಂತಿ ಕತ್ತರಿಸಿ ಟೇಪು ಸುತ್ತಿದೆ. ಎರಡೂ ಬ್ಯಾಟರಿಗಳನ್ನು ಕಟ್ಟೆಯ ಮೇಲಿಟ್ಟೆ. ಕಡೆಗೆ ಹೆಡ್‌ಲೈಟ್ ಬಿಚ್ಚಿ ಬಲ್ಬನ್ನೂ ತೆಗೆದು ಅಂಗಿ ಜೇಬಿಗೆ ಹಾಕಿಕೊಂಡೆ. ಬಿಚ್ಚಿದ ಸಣ್ಣ ಸಾಮಾನು ನೆಲಕ್ಕಿಡಬಾರದು ಎಂದು ನನಗೆ ಕೆಲಸ ಕಲಿಸಿದವರು ತಲೆಗೆ ಮೊಟಕಿ ಮೊಟಕಿ ಹೇಳಿದ್ದರು.

"ಈಗ ಹತ್ಲಿ ನೋಡೋಣು. ನೀ ಗದ್ದಿಗೆ ನೀರು ಕಟ್ಟಾಕ ಹೋಗು, ಅವ್ವನ ಹತ್ರ ನಾ ಇರ್ತೀನಿ" ಅಂದೆ. ಎಷ್ಟೋ ದಿನಗಳ ಮೇಲೆ ಆ ಹೊತ್ತಿನಲ್ಲಿ ಹುಲುಗಪ್ಪ ಮನೆ ಬಿಟ್ಟು ಹೋದ. ನನ್ನ ಮಾತು ನಂಬಿ ಹೋದ.

ಹೊತ್ತು ಮುಳುಗಿತು. ನಾನು ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕುತ್ತಿದ್ದೆ. ಈರಮ್ಮ ಮೊರ ಪಕ್ಕಕ್ಕಿಟ್ಟು ಎದ್ದು ನಿಂತಳು.

"ಬಂದ" ಅಂದಳು.

ತಿರುಗಿ ನೋಡಿದೆ. ಗಾಡಿಯ ಹೆಡ್‌ಲೈಟು ಕಣ್ಣು ಕಿತ್ತ ಗೂಡಿನ ಹಾಗೆ ಕತ್ತಲಾಗಿತ್ತು. ಆಕೆ ಗಾಡಿ ಕಡೆ ನೋಡುತ್ತಲೂ ಇರಲಿಲ್ಲ. ಕಾಲುವೆ ಕಡೆ ಹೊರಟುಬಿಟ್ಟಳು. ರೂಢಿ ಬಿದ್ದಿದೆ, ಎರಡು ಹೆಜ್ಜೆಗೆ ಹಿಡಿಯುತ್ತೇನೆ ಎಂದು ಹಿಂದೆ ಹೋದೆ. ಆದರೆ ಆ ವಯಸ್ಸಿನ ಕಾಲಿಗೆ ಅಂಥ ನಡಿಗೆ ನಾನು ಕಂಡಿರಲಿಲ್ಲ. ಎರಡೂ ಕಡೆ ಕಬ್ಬು. "ನಿಂದ್ರವ್ವಾ" ಎಂದು ಕೂಗಿದೆ. ತಿರುಗಲಿಲ್ಲ. ನಾನು ದಂಡೆ ಹತ್ತುವಷ್ಟರಲ್ಲಿ ಆಕೆ ಕಾಲುವೆಯ ಮೆಟ್ಟಿಲಿಳಿದು ಮೊಣಕಾಲು ಮಟ್ಟ ನೀರಿನಲ್ಲಿದ್ದಳು. "ಬಂದ್ನೆಪಾ, ಬಂದೆ" ಎಂದು ಮುಂದಿನ ನೀರಿಗೆ ಹೇಳುತ್ತಿದ್ದಳು. ಓಡಿದೆ. ಹಸಿ ಮಣ್ಣಿನಲ್ಲಿ ಕಾಲು ಜಾರಿ ಬಿದ್ದೆ. ಆಕೆ ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಸೆಳವು ಎಳೆದುಕೊಂಡು ಹೋಗುತ್ತಿತ್ತು.

ಆಗ ನನ್ನ ಎದೆ ಸುಟ್ಟಿತು. ಬೀಡಿಯ ಕೆಂಡ ಜೇಬಿಗೆ ಬಿದ್ದಂತಾಯಿತು. ನೋಡಿಕೊಂಡರೆ ಬಟ್ಟೆಯೊಳಗಿಂದ ಬೆಳಕು ಬರುತ್ತಿತ್ತು. ಮೊದಲು ಹಳದಿ, ಆಮೇಲೆ ಬೆಳ್ಳಗೆ. ತಂತಿ ಇಲ್ಲ, ಬ್ಯಾಟರಿ ಇಲ್ಲ. ಆ ಬೆಳಕು ಈರಮ್ಮನ ಬೆನ್ನಿಗೆ ಬಿತ್ತು.

ಆಕೆ ನಿಂತು ತಿರುಗಿದಳು. ಸಂಜೆ ದೀಪ ಕಂಡರೆ ನಮ್ಮವರು ಕೈ ಮುಗಿಯುವಂತೆ ನನ್ನ ಎದೆಯ ಬೆಳಕಿಗೆ ಕೈ ಮುಗಿದಳು. ಆಮೇಲೆ ಹುಬ್ಬು ಗಂಟಿಕ್ಕಿ ಕೇಳಿದಳು:

"ಯಾಕಪಾ ಮಾರೆಪ್ಪಾ, ಇವತ್ತು ಹಿಂದಿಂದ ಬಂದಿ? ದಿನಾ ನೀರಾಗಿಂದ ಕರೀತಿದ್ದಿ."

ಎದ್ದು ಮೆಟ್ಟಿಲಿಳಿದು ಕೈ ಚಾಚಿದೆ. ಹಿಡಿದುಕೊಂಡು ಮೇಲೆ ಬಂದಳು. ಬೆಳಕು ಆರಿತು. ದಂಡೆ ಇಳಿಯುವಾಗ ನಮ್ಮ ಹಿಂದೆ, ನೀರಿನ ಕಡೆಯಿಂದ, ಯಾರೋ ಕಿಕ್ ಹೊಡೆದ ಶಬ್ದ ಕೇಳಿತು. ಇಂಜಿನ್ ಹಿಡಿಯಲಿಲ್ಲ. ಮತ್ತೆ ಹೊಡೆದರು. ನನ್ನ ಕಿವಿಗೆ ಆ ಶಬ್ದದಲ್ಲಿ ತಪ್ಪಾಗುವುದಿಲ್ಲ. ದಿನವಿಡೀ ಕೇಳುವವನು ನಾನು. ತಿರುಗಿ ನೋಡಲಿಲ್ಲ.

ಮನೆಗೆ ಬಂದು ಆಕೆ ಹಂಚು ಇಟ್ಟು ರೊಟ್ಟಿ ಬಡಿದಳು. "ಕಾಲು ತೊಳ್ಕ" ಅಂದಳು. ತೊಳೆದುಕೊಂಡೆ. ಹಾಕಿದ್ದನ್ನು ತಿಂದೆ. ಹುಲುಗಪ್ಪ ಬಂದು "ಹತ್ತಿತೇನ್ರಿ?" ಎಂದ. ಗಾಡಿಯ ಲೈಟು ಹತ್ತಲಿಲ್ಲ ಎಂದೆ.

ಮರುದಿನ ಬೇರೆ ಕಾಯಿಲ್ ಹಾಕಿದೆ, ಹೊಸ ಬಲ್ಬು ಹಾಕಿದೆ. ಗಾಡಿ ಎರಡನೇ ಕಿಕ್ಕಿಗೆ ಹಿಡಿಯಿತು. ಆಮೇಲೆ ಲೈಟು ತಾನಾಗಿ ಹತ್ತಿದ್ದಿಲ್ಲ, ಈರಮ್ಮ ಕಾಲುವೆಗೆ ಹೋದದ್ದೂ ಇಲ್ಲ. ಬದುಕಿರುವತನಕ, ಸಂಜೆ ನಾನು ಆ ಕಡೆ ಹೋದರೆ, ಕೇಳದೆಯೇ ಹಂಚು ಇಡುತ್ತಿದ್ದಳು.

ಹಳೇ ಬಲ್ಬನ್ನು ಅಂಗಡಿಗೆ ತಂದು ಬ್ಯಾಟರಿಗೆ ಹಿಡಿದೆ. ಹತ್ತಲಿಲ್ಲ. ಬಿಸಿಲಿಗೆ ಹಿಡಿದು ನೋಡಿದೆ. ಒಳಗಿನ ಎಳೆ ತುಂಡಾಗಿ, ಗಾಜಿಗೆ ಮಸಿ ಹಿಡಿದಿತ್ತು. ಎಂದೋ ಸುಟ್ಟುಹೋದ ಬಲ್ಬು ಅದು. ಅಂಗಳದಲ್ಲಿ ಅದು ಅಷ್ಟು ದಿನ ಹೇಗೆ ಹತ್ತಿತು, ನನ್ನ ಜೇಬಿನಲ್ಲಿ ಹೇಗೆ ಹತ್ತಿತು, ನನಗೆ ಗೊತ್ತಿಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಬೆಳಕು ಬಿಟ್ಟವನು ಮಾರೆಪ್ಪನಾದರೆ, ನೀರಿನಿಂದ ಕರೆಯುತ್ತಿದ್ದವರು ಯಾರು? ಕರೆಯುತ್ತಿದ್ದವನೇ ಮಾರೆಪ್ಪನಾದರೆ, ನನ್ನ ಎದೆಯ ಮೇಲೆ ದೀಪ ಹಚ್ಚಿದವರು ಯಾರು? ಇದನ್ನು ಹುಲುಗಪ್ಪನ ಮುಂದೆ ಇಂದಿಗೂ ಎತ್ತಿಲ್ಲ.

ಈಗ ನನಗೆ ಹೊಸಪೇಟೆಯಲ್ಲಿ ಅಂಗಡಿ ಒಂದು, ಆರ್‌ಸಿಸಿ ಮನೆ ಒಂದು, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಓಡಾಡಲು ಗಾಡಿ ಒಂದು. ಎದೆಯ ಮೇಲೆ ರೂಪಾಯಿ ಬಿಲ್ಲೆಯಷ್ಟು ಕಲೆ ಒಂದು. ಮೇಜಿನ ಖಾನೆಯಲ್ಲಿ ಸುಟ್ಟ ಬಲ್ಬು ಒಂದು.