ದೊಡ್ಡಮ್ಮನ ಹಲ್ಲಿಗೆ ಅಂಟು ಹಿಡಿಯುವವರೆಗೆ

ಜಯನಗರದ ನಮ್ಮ ಹಲ್ಲಿನ ಡಾಕ್ಟರಮ್ಮನಿಗೆ ಫಿಲ್ಲಿಂಗಿಗಿಂತ ಅದರ ಅಡಿಯಲ್ಲಿ ಹಾಕುವ ಪದರಗಳ ಮೇಲೇ ಹೆಚ್ಚು ಪ್ರೀತಿ. ನರಕ್ಕೆ ನೋವು ತಾಗದಂತೆ ಮೊದಲು ಚೂರು ಸಿಮೆಂಟ್, ಅದರ ಮೇಲೆ ಅಂಟು, ಆಮೇಲೆ ಫಿಲ್ಲಿಂಗ್. "ಅಡಿ ಗಟ್ಟಿ ಇರ್ಬೇಕಮ್ಮ," ಎನ್ನುತ್ತಾ ಜಾರುವ ಕನ್ನಡಕವನ್ನು ಮೊಣಕೈಯಿಂದ ಮೇಲೆ ತಳ್ಳುತ್ತಿದ್ದರು. ಬಾಯಿ ತೆರೆದು ಮಲಗಿದವರು "ಆಂ, ಊಂ" ಎಂದರೂ ಅವರಿಗೆ ಎಲ್ಲ ಅರ್ಥವಾಗುತ್ತಿತ್ತು.

ಒಮ್ಮೆ ನನ್ನ ದೊಡ್ಡಮ್ಮನ ದವಡೆಹಲ್ಲಿಗೆ ಅವರು ಅಂಟು ಸವರುತ್ತಿದ್ದಾಗ ದೊಡ್ಡಮ್ಮನ ಫೋನ್ ಬಡಿದುಕೊಂಡಿತು. ಎತ್ತು ಎಂದು ಅವಳು ಕಣ್ಣಲ್ಲೇ ಹೇಳಿದಳು. ನಾನು ಸ್ಪೀಕರಿಗೆ ಹಾಕಿದೆ. ಮದುವೆ ಬ್ರೋಕರ್ ಆಂಟಿ.

"ಹುಡುಗನ ಕಡೆಯವ್ರು ಒಪ್ಪಿದಾರೆ ಕಣ್ರೀ. ನೀವೂ ಹೂಂ ಅಂದ್ರಿ ಅಂತ ಹೇಳ್ಬಿಡ್ಲಾ?"

ಹುಡುಗಿ ನಾನೇ. ಆ ಹುಡುಗ ನನಗೆ ಸ್ವಲ್ಪವೂ ಹಿಡಿಸಿರಲಿಲ್ಲ. ದೊಡ್ಡಮ್ಮನಿಗೆ ಹೇಳಲು ಧೈರ್ಯವಿರಲಿಲ್ಲ.

"ಆಂ! ಆಂ!" ಎಂದಳು ದೊಡ್ಡಮ್ಮ.

ಡಾಕ್ಟರಮ್ಮ ನನ್ನ ಮುಖವನ್ನೊಮ್ಮೆ ನೋಡಿದರು. ಫೋನಿನತ್ತ ಬಗ್ಗಿ, "ಬೇಡ ಅಂತಿದಾರೆ," ಎಂದರು.

ದೊಡ್ಡಮ್ಮ ಕೈಕಾಲು ಬಡಿದಳು.

"ಅಲ್ಲಾಡ್ಬೇಡಿ, ಬಾಯಿ ಮುಚ್ಬೇಡಿ! ಎಂಜಲು ತಾಗಿದ್ರೆ ಅಂಟು ಹಿಡಿಯಲ್ಲ, ಮತ್ತೆ ಕೊರೀಬೇಕಾಗುತ್ತೆ."

ಕೊರೆಯುವ ಮಾತಿಗೆ ದೊಡ್ಡಮ್ಮ ಕಲ್ಲಾದಳು. ಡಾಕ್ಟರಮ್ಮ ಅಂಟು ಗಟ್ಟಿಯಾಗಲು ನೀಲಿ ಬೆಳಕು ಹಾಯಿಸಿ, ಫಿಲ್ಲಿಂಗ್ ತುಂಬಿ, ಉಜ್ಜಿ ಮುಗಿಸುವಷ್ಟರಲ್ಲಿ ಬ್ರೋಕರ್ ಆಂಟಿ ಹುಡುಗನ ಮನೆಗೆ ಸುದ್ದಿ ಮುಟ್ಟಿಸಿ, ನಮಗೊಂದು ಅಳುವ ಇಮೋಜಿಯನ್ನೂ ಕಳಿಸಿದ್ದರು.

ದೊಡ್ಡಮ್ಮ ಬಾಯಿ ಮುಕ್ಕಳಿಸಿ ಉಗಿದು ಕಿರುಚಿದಳು: "ನಾನು ಹೂಂ ಅಂದಿದ್ದು ಕಣ್ರೀ!"

"ಹೌದಾ?" ಡಾಕ್ಟರಮ್ಮ ಗ್ಲೌಸ್ ಕಳಚಿದರು. "ಇವತ್ತು ಎಡಗಡೆ ಗಟ್ಟಿದ್ದೇನೂ ಅಗೀಬೇಡಿ. ಮದುವೆ ಊಟ ಅಂತೂ ಸದ್ಯಕ್ಕೆ ಬೇಡವೇ ಬೇಡ."