ರಾಜನ ಅಂಗಿಯ ಹಸಿರು ಪಟ್ಟಿ

ರಾಜನ ಅಂಗಿಗೆ ಖರ್ಚಾದದ್ದು ಇನ್ನೂರು ಚಿಲ್ಲರೆ ರೂಪಾಯಿ. ಎರಡು ಮೀಟರ್ ಕೆಂಪು ಸ್ಯಾಟಿನ್ ತನ್ನಿ ಎಂದು ಟೈಲರ್ ಸಾಹೇಬರು ಹೇಳಿದ್ದರು. ನಾನು ಒಂದೂವರೆ ತಂದೆ, ಅದರಲ್ಲೂ ಕೆ.ಆರ್. ನಗರದ ಬಟ್ಟೆ ಅಂಗಡಿಯಲ್ಲಿ ಎರಡು ಸಲ ಎದ್ದು ಹೊರಟಂತೆ ಮಾಡಿ ದರ ಇಳಿಸಿದೆ. ಸಾಲಿಗ್ರಾಮದ ಸಂತೆಯಲ್ಲಿ ನೆಲದ ಮೇಲೆ ಪಾತ್ರೆ ಹರಡಿ ಶುರುಮಾಡಿ ಸ್ವಂತ ಅಂಗಡಿ ಕಂಡವನು ನಾನು. ಬೇಸಿಗೆ ರಜೆಯ ಮಕ್ಕಳ ನಾಟಕಕ್ಕೆ ಸಾಮಾನು ತರುವ ಕೆಲಸವನ್ನು ಊರವರು ನನಗೆ ವಹಿಸಿದ್ದೇ ಈ ಗುಣ ನೋಡಿ.

ಸಾಹೇಬರ ತುಟಿಯ ಎಡತುದಿಯಲ್ಲಿ ಯಾವಾಗಲೂ ಎರಡು ಗುಂಡುಸೂಜಿ. ಮಾತೆಲ್ಲ ಬಲತುದಿಯಿಂದ. ನಕ್ಕರೆ ಸೂಜಿ ಬೀಳುತ್ತವೆಂದು ಹುಬ್ಬಿನಲ್ಲೇ ನಗುತ್ತಾರೆ. ಅಳತೆಯನ್ನು ಬರೆದುಕೊಳ್ಳುವವರಲ್ಲ, ಒಂದೊಂದು ಮಗುವಿಗೂ ಒಂದೊಂದು ದಾರ ಕತ್ತರಿಸಿ, ಗಂಟು ಹಾಕಿ ಗೋಡೆಗೆ ನೇತುಹಾಕಿದ್ದರು. ಕೂಲಿ ಬೇಡವೆಂದರು. ಟೀಗೆ ಸಕ್ಕರೆ ಮಾತ್ರ ಜಾಸ್ತಿ ಇರಬೇಕಂತೆ.

ನಾನು ತಂದ ಬಟ್ಟೆಯನ್ನು ಗೇಣಿನಲ್ಲಿ ಅಳೆದು, "ಅಣ್ಣಾ, ನಾಟ್ಕದ ದಿನದ್ಗಂಟ ಬೆಳೀಬ್ಯಾಡಿ ಅಂತ ಮಕ್ಳಿಗೂ ಹೇಳಿ ಬಂದಿದ್ದೀರಾ?" ಎಂದರು. ಮೂರು ವಾರದಲ್ಲಿ ಯಾವ ಮಗು ಎಷ್ಟು ಬೆಳೆದೀತು ಎಂದು ವಾದಿಸಿ ನಾನೇ ಗೆದ್ದೆ.

ನಾಟಕದ ದಿನ ಮಧ್ಯಾಹ್ನ ರಾಜನ ಪಾತ್ರದ ಹುಡುಗ ಜ್ವರ ಬಂದು ಮಲಗಿದ. ಸಂಜೆಗೆ ಚುಂಚನಕಟ್ಟೆಯಿಂದಲೂ ಜನ ಟೆಂಪೋ ಮಾಡಿಕೊಂಡು ಬರುವವರಿದ್ದರು. ರಾಜನ ಮಾತೆಲ್ಲ ಬಾಯಿಪಾಠವಿದ್ದದ್ದು ಒಬ್ಬಳಿಗೇ: ಪರದೆ ಹಿಂದೆ ನಿಂತು, ಮರೆತವರಿಗೆ ಮಾತು ಹೇಳಿಕೊಡುತ್ತಿದ್ದ ಏಳನೇ ಕ್ಲಾಸಿನ ಹುಡುಗಿ. ದಪ್ಪಗಿದ್ದಾಳೆಂದು ಅವಳಿಗೆ ಯಾರೂ ಪಾತ್ರ ಕೊಟ್ಟಿರಲಿಲ್ಲ. ಕರೆದದ್ದೇ ತಡ, ಓಡಿ ಬಂದಳು. ಅಂಗಿಯ ತೋಳೇನೋ ಏರಿತು, ಎದೆಯ ಮೇಲೆ ಗುಂಡಿ ಕೂಡಲಿಲ್ಲ. "ರಾಜ ಉಸ್ರು ಬುಟ್ರೆ ಗುಂಡಿ ಆರೋಯ್ತವೆ ಕಣ್ಲಾ" ಎಂದು ಮಂತ್ರಿಯ ವೇಷದವನು ಕಿಸಕ್ಕೆಂದ. ಹುಡುಗಿ ತನ್ನ ಬಟ್ಟೆಯ ಮೇಲೆ ತೊಟ್ಟಿದ್ದ ಅಂಗಿ ಕಳಚಿ, "ಬುಡಿ, ನಾ ಆಡಕಿಲ್ಲ" ಎಂದು ಗೋಡೆ ಕಡೆ ತಿರುಗಿದಳು. ನಾನು ಉಳಿಸಿದ ಅರ್ಧ ಮೀಟರ್ ಕಣ್ಣ ಮುಂದೆ ಬಂತು.

ಮಕ್ಕಳಿಗೆ ವೇಷ ತೊಡಿಸಲು ಬಂದಿದ್ದ ಸಾಹೇಬರು ಅಂಗಿಯನ್ನು ಒಳಮಗ್ಗುಲಿಗೆ ತಿರುಗಿಸಿದರು. ಎರಡೂ ಪಕ್ಕಗಳಲ್ಲಿ ನಾಲ್ಕು ಬೆರಳಗಲದ ಹಸಿರು ರೇಷ್ಮೆ ಪಟ್ಟಿ ಸೇರಿಸಿ, ಒಳಗೆ ಮಡಿಸಿ, ಕಚ್ಚಾ ಹೊಲಿಗೆ ಹಾಕಿಟ್ಟಿದ್ದರು. ನಾನು ತಂದ ಬಟ್ಟೆ ಸಾಲದೆಂದು, ಮಗಳ ಮದುವೆಯ ಬಟ್ಟೆಯಲ್ಲಿ ಉಳಿದಿದ್ದ ತುಂಡನ್ನೇ ತೆಗೆದಿದ್ದರು, ನನಗೊಂದು ಮಾತೂ ಹೇಳದೆ. ದಾರ ಎಳೆದರು, ಪಟ್ಟಿ ಬಿಚ್ಚಿಕೊಂಡು, ಬೇಕೆಂದೇ ಮಾಡಿಸಿದ ಅಲಂಕಾರದಂತೆ ಕೆಂಪಿನ ನಡುವೆ ಮಿಂಚಿತು. ಆಮೇಲೆ ಬಾಯಿಂದ ಸೂಜಿಗಳನ್ನು ತೆಗೆದರು. ನಾನು ಕಂಡಂತೆ ಅದೊಂದೇ ಸಲ.

"ಅಂಗೀನೇ ಚಿಕ್ಕದಾಗಿತ್ತು ಕಣವ್ವ, ನಿಂದೇನೂ ತಪ್ಪಿಲ್ಲ. ಆಕ್ಕೊ. ಚೆನ್ನಾಗ್ ಉಸ್ರು ತಕ್ಕೊಂಡು ಜೋರಾಗಿ ಮಾತಾಡು."

ಅವಳ ದನಿ ಬಸ್ ಸ್ಟ್ಯಾಂಡಿನವರೆಗೂ ಕೇಳಿತಂತೆ.

ಕೊನೆಗೆ ವಂದನೆ ಹೇಳುವಾಗ ಮೊದಲು ಕೂಗಿದ್ದು ನನ್ನ ಹೆಸರು, ಕಡಿಮೆ ಖರ್ಚಿನಲ್ಲಿ ನಿಭಾಯಿಸಿದೆನೆಂದು. ಸಾಹೇಬರ ಹೆಸರು ಚೀಟಿಯಲ್ಲೇ ಇರಲಿಲ್ಲ. ನನಗೆ ಹೊದಿಸಿದ ಶಾಲನ್ನು ಪರದೆ ಹಿಂದಕ್ಕೆ ಒಯ್ದು ಅವರಿಗೆ ಹೊದಿಸಿದೆ. ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ, "ಇದನ್ನೂ ಚೌಕಾಸಿ ಮಾಡೇ ತಂದ್ರಾ ಅಣ್ಣಾ?" ಎಂದು ಹುಬ್ಬಿನಲ್ಲೇ ನಕ್ಕರು.

ಈಗ ಆ ಅಂಗಿಯಲ್ಲಿ ಮೂರನೆಯ ರಾಜ. ಸಣ್ಣಗಿರುವವರು ಬಂದರೆ ಪಟ್ಟಿ ಒಳಗೆ, ದಪ್ಪಗಿರುವವರು ಬಂದರೆ ಹೊರಗೆ.

ನೀವೂ ನಿಮ್ಮೂರಲ್ಲಿ ಮಕ್ಕಳ ನಾಟಕ ಮಾಡಿಸುವವರಾದರೆ ಕೇಳಿ. ಪೆಂಡಾಲಿನವರ ಹತ್ತಿರ, ಮೈಕಿನವರ ಹತ್ತಿರ ಎಷ್ಟು ಬೇಕಾದರೂ ಚೌಕಾಸಿ ಮಾಡಿ. ಟೈಲರ್ ಕೇಳಿದ ಬಟ್ಟೆಗೆ ಮಾತ್ರ ಅರ್ಧ ಮೀಟರ್ ಸೇರಿಸಿಯೇ ತನ್ನಿ. ಪರದೆ ಹಿಂದೆ, ಬೆಳಕು ಬೀಳುವ ಕಡೆ, ಅವರಿಗೊಂದು ಕುರ್ಚಿ ಹಾಕಿಸಿ. ವಂದನೆಯ ಚೀಟಿಯನ್ನು ಬೇರೆಯವರಿಗೆ ಬಿಡದೆ ನೀವೇ ಬರೆಯಿರಿ.